ಮೇಸ್ತ್ರಿಯಿಲ್ಲದ ದುಡಿಮೆ

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಮೇಲುನೋಟಕ್ಕೆ ಇದು ಆಳುಗಳನ್ನು ಹೀಗಳೆಯುವ ಮಾತಿನಂತೆ ತೋರುತ್ತದೆ. ಆದರೆ ಸ್ವಲ್ಪ ಆಲೋಚಿಸಿದರೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಆಳು ಹುಟ್ಟಿನಿಂದಲೇ ಸೋಮಾರಿ ಎಂದು ಗಾದೆ ಹೇಳುತ್ತಿಲ್ಲ. ಅದೇ ಆಳು ತನ್ನ ಮನೆಯ ಅಂಗಳದಲ್ಲಿ ಬಸಳೆಯ ಚಪ್ಪರ ಹಾಕುವಾಗ ಅತ್ಯಂತ ಶ್ರದ್ಧೆಯಿಂದ ದುಡಿಯುತ್ತಾನೆ. ಕೆಲಸ ತನ್ನದು ಎನಿಸಿದಾಗ ಕೈಗೆ ಬರುವ ಚುರುಕು, ಪರರದು ಎನಿಸಿದಾಗ ಬರುವುದಿಲ್ಲ. ಗಾದೆಯ ತಿರುಳು ಇಷ್ಟೇ.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಲೋಕದಲ್ಲಿ ಮೇಸ್ತ್ರಿ, ಮುಕಾದಮ, ಮೇಲ್ವಿಚಾರಕ, ಮ್ಯಾನೇಜರ್ ಮುಂತಾದವರು ಹುಟ್ಟಿಕೊಂಡರು. ಕೆಲಸ ಮಾಡುವವನು ಒಬ್ಬ, ಅವನು ಮಾಡುತ್ತಿದ್ದಾನೆಯೇ ಎಂದು ನೋಡುವವನು ಇನ್ನೊಬ್ಬ, ನೋಡುವವನು ಸರಿಯಾಗಿ ನೋಡುತ್ತಿದ್ದಾನೆಯೇ ಎಂದು ನೋಡಲು ಮತ್ತೊಬ್ಬ! ಆದರೂ ಕಾವಲಿನ ಕಣ್ಣು ಎಲ್ಲಿಯವರೆಗೆ ಹಾಯುವುದೋ ಅಲ್ಲಿಯವರೆಗೆ ಮಾತ್ರ ಈ ವ್ಯವಸ್ಥೆಯ ಬಲ. ಕಣ್ಣು ಆಚೆ ತಿರುಗಿದೊಡನೆ ಕೈ ನಿಲ್ಲುತ್ತದೆ.

ಹಾಗಾದರೆ ಮೇಸ್ತ್ರಿಯೇ ಇಲ್ಲದ ಕಡೆ ಹತ್ತಾರು ಜನ ಕೂಡಿ ದುಡಿಯುವುದು ಸಾಧ್ಯವೆ? ಸಾಧ್ಯವಾದರೆ, ಅವರನ್ನು ದುಡಿಯುವಂತೆ ಮಾಡುವ ಶಕ್ತಿ ಯಾವುದು? ಇದು ಇಂದು ದೊಡ್ಡ ದೊಡ್ಡ ಕಾರ್ಖಾನೆಗಳವರೂ ಅರ್ಥಶಾಸ್ತ್ರಜ್ಞರೂ ಕೇಳುತ್ತಿರುವ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನಾವು ಬಹು ದೂರ ಹೋಗಬೇಕಾಗಿಲ್ಲ.

ಮೊದಲು, ಇದು ಸಾಧ್ಯವಿಲ್ಲ ಎನ್ನುವವರ ವಾದವನ್ನು ಕೇಳೋಣ. ನಮ್ಮ ನಾಡಿನ ಒಂದು ಹಳೆಯ ಕಥೆ ಅವರ ಪಕ್ಷವನ್ನು ಚೆನ್ನಾಗಿ ಹಿಡಿಯುತ್ತದೆ. ಒಬ್ಬ ರಾಜನು, ರಾತ್ರಿ ಎಲ್ಲರೂ ಒಂದೊಂದು ಬಿಂದಿಗೆ ಹಾಲನ್ನು ತಂದು ಹೊಸ ಕೊಳಕ್ಕೆ ಸುರಿಯಬೇಕೆಂದು ಡಂಗುರ ಸಾರಿಸಿದನಂತೆ. ‘ಎಲ್ಲರೂ ಹಾಲು ಹಾಕುವಾಗ ನನ್ನದೊಂದು ಬಿಂದಿಗೆ ನೀರು ಯಾರಿಗೆ ತಿಳಿದೀತು?’ ಎಂದು ಪ್ರತಿಯೊಬ್ಬನೂ ಯೋಚಿಸಿದನು. ಬೆಳಗಾಗಿ ನೋಡಿದರೆ ಕೊಳದ ತುಂಬ ಬರಿಯ ನೀರು! ನಾಲ್ಕು ಜನರ ಕೆಲಸದಲ್ಲಿ ತನ್ನ ಪಾಲನ್ನು ತಪ್ಪಿಸಿಕೊಂಡು, ಫಲದಲ್ಲಿ ಮಾತ್ರ ಪಾಲು ಬಯಸುವ ಸ್ವಭಾವ ಮನುಷ್ಯನಲ್ಲಿ ಉಂಟು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಕಥೆಯ ಎರಡು ಅಂಶಗಳನ್ನು ನೆನಪಿನಲ್ಲಿಡಬೇಕು. ಹಾಲು ಸುರಿದದ್ದು ಕತ್ತಲಲ್ಲಿ. ಕೊಳ ಪ್ರಜೆಗಳದ್ದಲ್ಲ, ರಾಜನದು.

ಈಗ ಉತ್ತರ ಕನ್ನಡ ಜಿಲ್ಲೆಯ ಕರಾವಳಿಗೆ ಬರೋಣ. ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿಯಲ್ಲಿ ಹಳದೀಪುರವೆಂಬ ಊರು ಸಿಗುತ್ತದೆ. ಒಂದೆಡೆ ಘಟ್ಟದ ಸಾಲು, ಇನ್ನೊಂದೆಡೆ ಅರಬ್ಬೀ ಸಮುದ್ರ. ನಡುವೆ ತೆಂಗಿನ ತೋಟಗಳು, ಬತ್ತದ ಗದ್ದೆಗಳು. ಈ ಸೀಮೆಯಲ್ಲಿ ಮಳೆಗಾಲ ಹಿಡಿದೊಡನೆ ನಾಟಿಯ ಕೆಲಸ ಒಮ್ಮೆಲೇ ಬೀಳುತ್ತದೆ. ಸಸಿ ಬಲಿಯುವ ಮೊದಲು, ಗದ್ದೆಯ ನೀರು ಇಳಿಯುವ ಮೊದಲು ನೆಟ್ಟು ಮುಗಿಸಬೇಕು. ಒಂದು ಮನೆಯವರಿಂದ ಇದು ಆಗುವ ಕೆಲಸವಲ್ಲ. ಅದಕ್ಕಾಗಿ ಹಿಂದಿನವರು ಕಂಡುಕೊಂಡ ಉಪಾಯವೇ ಮುಯ್ಯಾಳು. ಈ ದಿನ ನಾಲ್ಕು ಮನೆಯವರು ನಮ್ಮ ಗದ್ದೆಗೆ ಬಂದರೆ, ನಾಳೆ ನಾವು ಅವರ ಗದ್ದೆಗೆ ಹೋಗುತ್ತೇವೆ. ಅಲ್ಲಿ ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ‘ಮುಯ್ಯಿ’ ಎಂದರೆ ಪಡೆದುದಕ್ಕೆ ಪ್ರತಿಯಾಗಿ ಕೊಡುವುದು. ಇಂದು ನಾನು ಪರರ ಗದ್ದೆಯಲ್ಲಿ ಸಸಿಯನ್ನು ಓರೆಯಾಗಿ ಊರಿದರೆ, ನಾಳೆ ನನ್ನ ಗದ್ದೆಯಲ್ಲಿಯೂ ಓರೆಯಾಗಿಯೇ ನಿಲ್ಲುವುದು ಎಂಬ ಅರಿವೇ ಅಲ್ಲಿಯ ಮೇಸ್ತ್ರಿ.

ಗದ್ದೆಯಿಂದ ಕಡಲ ದಂಡೆಗೆ ಬಂದರೆ ಇದಕ್ಕಿಂತಲೂ ದೊಡ್ಡದಾದ ಒಂದು ದೃಷ್ಟಾಂತ ದೊರೆಯುತ್ತದೆ. ಅದೇ ರಂಪಣಿ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಹಲವು ತಲೆಮಾರುಗಳ ಕಾಲ ಬಳಕೆಯಲ್ಲಿದ್ದ ಬೃಹತ್ತಾದ ಮೀನುಬಲೆಗೆ ಈ ಹೆಸರು. ದೊಡ್ಡ ರಂಪಣಿಯೊಂದರ ಉದ್ದ ಒಂದು ಕಿಲೋಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇಂತಹ ಬಲೆಯನ್ನು ಒಬ್ಬ ಬಡ ಮೀನುಗಾರ ಹೊಂದುವುದು ಹೇಗೆ? ಆದುದರಿಂದ ಅದನ್ನು ಬಿಡಿಬಿಡಿ ತುಂಡುಗಳಾಗಿ ಹೆಣೆಯುತ್ತಿದ್ದರು. ಪ್ರತಿಯೊಂದು ಮನೆಯವರೂ ತಮ್ಮ ಶಕ್ತ್ಯನುಸಾರ ಕೆಲವು ತುಂಡುಗಳನ್ನು ತರುತ್ತಿದ್ದರು. ಅವನ್ನೆಲ್ಲ ಒಂದಕ್ಕೊಂದು ಜೋಡಿಸಿದಾಗ ಅದು ರಂಪಣಿಯಾಗುತ್ತಿತ್ತು. ನೈಲಾನ್ ನೂಲು ಬರುವ ಮೊದಲಂತೂ ಹತ್ತಿಯ ಅಥವಾ ಸೆಣಬಿನ ನೂಲಿನ ಈ ತುಂಡುಗಳನ್ನು ಮನೆಯಲ್ಲಿಯೇ ಹೆಣೆದು, ಕೊಳೆಯದಂತೆ ಮರದ ತೊಗಟೆಯ ಚೊಗರಿನಲ್ಲಿ ಅದ್ದಿ, ಒಣಗಿಸಿ, ಹರಿದಲ್ಲಿ ತೇಪೆ ಹಾಕಿ ಕಾಪಾಡಬೇಕಾಗುತ್ತಿತ್ತು. ಬಲೆಯ ಒಂದು ತುಂಡು ಸಡಿಲವಾಗಿದ್ದರೂ ಮೀನಿನ ಹಿಂಡು ಅಲ್ಲಿಂದಲೇ ಹೊರಹರಿಯುವುದು. ಆದಕಾರಣ ತನ್ನ ತುಂಡಿನ ಗಂಟು ಗಟ್ಟಿಯಾಗಿದೆಯೇ ಎಂದು ನೋಡಿಕೊಳ್ಳುವುದು ಪ್ರತಿಯೊಬ್ಬನಿಗೂ ಮಾನದ ಪ್ರಶ್ನೆಯಾಗಿತ್ತು.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಬಂಗಡೆ, ತಾರ್ಲೆ ಮೀನುಗಳ ಹಿಂಡುಗಳು ದಂಡೆಯ ಸಮೀಪಕ್ಕೆ ಬರುತ್ತವೆ. ಅನುಭವಿಗಳಾದ ಹಿರಿಯರು ನೀರಿನ ಬಣ್ಣವನ್ನೂ ಅಲೆಯ ಮೇಲಿನ ನವಿರಾದ ಕಂಪನವನ್ನೂ ಹಕ್ಕಿಗಳ ಹಾರಾಟವನ್ನೂ ನೋಡಿ ಹಿಂಡನ್ನು ಗುರುತಿಸುತ್ತಿದ್ದರು. ಕರೆ ಕೇಳಿದೊಡನೆ ಕೇರಿಯ ಜನರೆಲ್ಲ ಮರಳ ದಂಡೆಗೆ ಓಡಿಬರುತ್ತಿದ್ದರು. ಬಲೆಯ ಒಂದು ತುದಿಯ ಹಗ್ಗವನ್ನು ದಂಡೆಯ ಮೇಲೆ ಕೆಲವರು ಹಿಡಿದು ನಿಲ್ಲುವರು. ಬಲೆಯನ್ನು ಹೇರಿಕೊಂಡ ದೋಣಿ ಕಡಲಿಗಿಳಿದು, ಹಿಂಡನ್ನು ಬಳಸಿ ಅರ್ಧಚಂದ್ರಾಕಾರವಾಗಿ ಸಾಗುತ್ತ, ಬಲೆಯನ್ನು ನೀರಿಗೆ ಬಿಡುತ್ತ, ಇನ್ನೊಂದು ತುದಿಯನ್ನು ದೂರದಲ್ಲಿ ದಂಡೆಗೆ ತಂದು ಮುಟ್ಟಿಸುವುದು. ಅನಂತರ ಎರಡೂ ತುದಿಗಳಲ್ಲಿ ಜನ ಸಾಲಾಗಿ ನಿಂತು ಹಗ್ಗವನ್ನು ಎಳೆಯತೊಡಗುವರು. ಇದಕ್ಕೆ 50ರಿಂದ 80 ಜನ, ಒಮ್ಮೊಮ್ಮೆ ಇನ್ನೂ ಹೆಚ್ಚು ಜನ ಬೇಕಾಗುತ್ತಿತ್ತು. ಗಂಟೆಗಟ್ಟಲೆ ನಡೆಯುವ ಈ ಎಳೆತದಲ್ಲಿ ಎರಡೂ ಕಡೆಯವರು ಒಂದೇ ಸಮನಾಗಿ ಹೆಜ್ಜೆ ಹಾಕಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಬಲೆ ಓರೆಯಾಗಿ ಶ್ರಮವೆಲ್ಲ ವ್ಯರ್ಥವಾಗುವುದು. ಎಲ್ಲರ ಸ್ವರವೂ ಕೂಡಿದ ಕೂಗಿನ ತಾಳವೇ ಅವರನ್ನು ಒಂದುಗೂಡಿಸುತ್ತಿತ್ತು.

ಇಷ್ಟು ಜನರ ಮೇಲೆ ಹಾಜರಿ ಹಾಕುವ ಗುಮಾಸ್ತನಿರಲಿಲ್ಲ, ಗದರಿಸುವ ಮೇಸ್ತ್ರಿಯಿರಲಿಲ್ಲ. ತಂಡೇಲನೆಂಬ ಹಿರಿಯನಿದ್ದನು, ನಿಜ. ಆದರೆ ಅವನು ಒಡೆಯನಲ್ಲ. ಗಾಳಿಯ ದಿಕ್ಕನ್ನೂ ನೀರಿನ ಸೆಳೆತವನ್ನೂ ಬಲ್ಲವನೆಂಬ ಕಾರಣದಿಂದ, ದೋಣಿ ನೀರಿಗಿಳಿದಾಗ ಅವನ ಮಾತು ನಡೆಯುತ್ತಿತ್ತು. ಅವನ ಅಧಿಕಾರ ಬಂದದ್ದು ಅರಿವಿನಿಂದ. ಅದು ಇರುತ್ತಿದ್ದುದೂ ಕೆಲಸ ಮುಗಿಯುವವರೆಗೆ ಮಾತ್ರ.

ಬಲೆ ದಂಡೆಗೆ ಬಂದ ಮೇಲೆ ಪಾಲಿನ ಕೆಲಸ. ಬಲೆಗೊಂದು ಭಾಗ, ದೋಣಿಗೊಂದು ಭಾಗ, ದುಡಿದವರಿಗೊಂದು ಭಾಗ ಎಂಬುದು ಸ್ಥೂಲವಾದ ಕ್ರಮ. ಯಾವುದಕ್ಕೆ ಎಷ್ಟು ಎಂಬುದು ಊರಿಂದೂರಿಗೆ ಬೇರೆಬೇರೆಯಾಗಿರುತ್ತಿತ್ತು. ಹಗ್ಗಕ್ಕೆ ಕೈಹಚ್ಚಿದ ಮುದುಕರೂ ಹುಡುಗರೂ ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ. ಹೆಂಗಸರು ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಒಳನಾಡಿನ ಊರುಗಳಿಗೆ ನಡೆದುಹೋಗಿ ಮಾರುತ್ತಿದ್ದರು. ಹೆಚ್ಚಾಗಿ ಬಿದ್ದ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಹೀಗೆ ಒಂದು ಬಲೆಯ ಸುತ್ತ ಇಡೀ ಊರಿನ ಬದುಕು ಹೆಣೆದುಕೊಂಡಿತ್ತು.

ಹರಿಕಾಂತರು, ಖಾರ್ವಿಗಳು, ಅಂಬಿಗರು, ಮೊಗೇರರು ಮೊದಲಾದ ಕಡಲ ಮಕ್ಕಳನ್ನು ಹೀಗೆ ದುಡಿಸಿದ ಶಕ್ತಿ ಯಾವುದು? ವಿಚಾರಿಸಿದರೆ ನಾಲ್ಕು ಕಾರಣಗಳು ಕಾಣುತ್ತವೆ.

ಮೊದಲನೆಯದು, ಸ್ವಂತಿಕೆ. ಬಲೆಯಲ್ಲಿ ತನ್ನದೂ ಒಂದು ತುಂಡಿದೆ ಎಂಬ ಭಾವನೆ ಇಡೀ ಬಲೆಯನ್ನೇ ತನ್ನದೆನ್ನಿಸುತ್ತದೆ. ಎರಡನೆಯದು, ಪಾಲಿನ ನ್ಯಾಯ. ಮೀನು ಎಲ್ಲರೆದುರಿಗೆ ಮರಳಿನ ಮೇಲೆ ರಾಶಿಯಾಗಿ ಬೀಳುತ್ತಿತ್ತು, ಎಲ್ಲರೆದುರಿಗೆ ಹಂಚಿಕೆಯಾಗುತ್ತಿತ್ತು. ಮುಚ್ಚುಮರೆ ಇಲ್ಲದ ಕಡೆ ಸಂಶಯಕ್ಕೆ ಎಡೆ ಕಡಿಮೆ. ಸಂಶಯವಿಲ್ಲದ ಕಡೆ ಕೈ ಹಿಂಜರಿಯುವುದಿಲ್ಲ. ಮೂರನೆಯದು, ಜೊತೆಗಾರರ ಕಣ್ಣು. ಹಾಲಿನ ಕೊಳದ ಕಥೆ ನಡೆದುದು ಕತ್ತಲಲ್ಲಿ. ರಂಪಣಿ ನಡೆದುದು ಬಯಲಿನಲ್ಲಿ. ಹಗ್ಗಕ್ಕೆ ಸುಮ್ಮನೆ ಕೈಯಿಟ್ಟು ನಿಂತವನು ಯಾರೆಂಬುದು ಹಿಂದೆ ಮುಂದೆ ನಿಂತವರಿಗೆ ಕೂಡಲೇ ತಿಳಿಯುತ್ತದೆ. ಮೇಸ್ತ್ರಿಯ ಬೈಗುಳವನ್ನು ಮನುಷ್ಯ ಮರೆತಾನು. ನೆರೆಯವನ ಮೌನವಾದ ನೋಟವನ್ನು ಮರೆಯಲಾರ. ನಾಲ್ಕನೆಯದು, ಕೆಲಸದ ಅರ್ಥ. ತಾನು ಎಳೆಯುವ ಹಗ್ಗದ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಒಂದೇ ತಿರುಪನ್ನು ತಿರುಗಿಸುತ್ತ, ತಾನು ಮಾಡಿದ ವಸ್ತು ಎಲ್ಲಿಗೆ ಹೋಗುತ್ತದೆಂದು ತಿಳಿಯದ ಕಾರ್ಮಿಕನಿಗೆ ಈ ಸಂತೋಷ ದೊರಕುವುದು ಕಷ್ಟ.

ಹಾಗೆಂದು ರಂಪಣಿಯ ಕಾಲವನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಅಲ್ಲಿಯೂ ಬಲೆಯ ತುಂಡು ಹೆಚ್ಚಿದ್ದವನ ಪಾಲು ಹೆಚ್ಚು, ಬರಿಯ ತೋಳಬಲವಿದ್ದವನ ಪಾಲು ಕಡಿಮೆ. ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆದ ಹೆಂಗಸಿನ ಮಾತಿಗೆ ಗಂಡಸರ ಕೂಟದಲ್ಲಿ ಸ್ಥಾನ ಸಾಲದಾಗಿತ್ತು. ಮೀನು ಬೀಳದ ದಿನ ಎಲ್ಲರ ಒಲೆಯೂ ತಣ್ಣಗಿರುತ್ತಿತ್ತು. ಮೇಸ್ತ್ರಿಯಿಲ್ಲದ ಮಾತ್ರಕ್ಕೆ ಅಸಮಾನತೆ ಇಲ್ಲವಾಗುವುದಿಲ್ಲ. ಅದನ್ನು ಬೇರೆಯಾಗಿಯೇ ಎದುರಿಸಬೇಕಾಗುತ್ತದೆ.

ಇಂತಹ ರಂಪಣಿ ಇಂದು ಎಲ್ಲಿ ಹೋಯಿತು? 1976ರ ಸುಮಾರಿಗೆ ಕರ್ನಾಟಕದ ಕರಾವಳಿಯಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಕಾಣಿಸಿಕೊಂಡವು. ಇಪ್ಪತ್ತು ಇಪ್ಪತ್ತೈದು ಜನರಿರುವ ಒಂದು ದೋಣಿ, ಮೀನಿನ ಹಿಂಡು ದಂಡೆಗೆ ಬರುವುದನ್ನು ಕಾಯದೆ, ಕಡಲೊಳಗೇ ಅದನ್ನು ಸುತ್ತುವರಿದು ಹಿಡಿಯತೊಡಗಿತು. ದಂಡೆಯಲ್ಲಿ ಕಾದವರಿಗೆ ಮೀನು ಬಾರದಾಯಿತು. ರಂಪಣಿಯವರು ಪ್ರತಿಭಟಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಒಂದೊಂದಾಗಿ ಮರೆಯಾದವು. ಈಗ ಉಳಿದಿರುವುದು ಕೈರಂಪಣಿ, ಯೆಂಡಿಬಲೆ ಮುಂತಾದ ಅದರ ಚಿಕ್ಕ ರೂಪಗಳು ಮಾತ್ರ. ಇಲ್ಲಿ ಗಮನಿಸಬೇಕಾದುದೊಂದಿದೆ. ರಂಪಣಿ ಸೋತದ್ದು ದುಡಿಯುವವರ ಆಲಸ್ಯದಿಂದಲ್ಲ, ಒಳಜಗಳದಿಂದಲೂ ಅಲ್ಲ. ಹೊರಗಿನಿಂದ ಬಂದ ಹೆಚ್ಚಿನ ಬಂಡವಾಳದ ಮತ್ತು ವೇಗದ ಮುಂದೆ ಅದು ನಿಲ್ಲಲಾರದೆ ಹೋಯಿತು. ಒಳ್ಳೆಯ ವ್ಯವಸ್ಥೆಯೆಲ್ಲ ಉಳಿಯುತ್ತದೆ ಎಂಬ ನಿಯಮ ಲೋಕದಲ್ಲಿಲ್ಲ. ಉಳಿಸಿಕೊಳ್ಳುವ ಬಲವೂ ಬೇಕಾಗುತ್ತದೆ.

ಪಟ್ಟಣದ ಬದುಕಿನಲ್ಲಿ ಇಂತಹ ಬಲವನ್ನು ಸಹಕಾರ ಸಂಘಗಳು ಒದಗಿಸಿದುದುಂಟು. ಬೆಂಗಳೂರಿನ ಇಂಡಿಯನ್ ಕಾಫಿ ಹೌಸನ್ನು ನೆನೆಯಬಹುದು. ಕಾಫಿಯ ಬಳಕೆಯನ್ನು ಹೆಚ್ಚಿಸಲೆಂದು 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕಾಫಿ ಹೌಸುಗಳು ಮುಂದೆ ಕಾಫಿ ಬೋರ್ಡಿನ ಆಡಳಿತದಲ್ಲಿ ಹಲವು ನಗರಗಳಿಗೆ ಹರಡಿದವು. 1950ರ ದಶಕದಲ್ಲಿ ಬೋರ್ಡು ಅವುಗಳನ್ನು ಮುಚ್ಚಲು ನಿರ್ಧರಿಸಿದಾಗ ನೂರಾರು ನೌಕರರು ಬೀದಿಗೆ ಬೀಳುವಂತಾಯಿತು. ಆಗ ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಕಾಫಿ ಹೌಸುಗಳನ್ನು ನಡೆಸಲು ಮುಂದಾದರು. ಅಂತಹ ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ನಿನ್ನೆಯವರೆಗೆ ಬಟ್ಟಲನ್ನು ತಂದಿಡುತ್ತಿದ್ದವನು ಇಂದು ಬಟ್ಟಲನ್ನು ತಂದಿಡುವವನೂ ಹೌದು, ಸಂಘದ ಒಡೆಯರಲ್ಲೊಬ್ಬನೂ ಹೌದು! ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಕಟ್ಟಡವನ್ನು ಬಿಡಬೇಕಾಗಿ ಬಂದಾಗಲೂ ಸಂಘ ಚದುರಲಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಒಲೆ ಹೊತ್ತಿಸಿತು.

ಹೊರದೇಶಗಳಲ್ಲಿಯೂ ಇಂತಹ ಪ್ರಯೋಗಗಳು ನಡೆದಿವೆ. ಸ್ಪೇನ್ ದೇಶದ ಮೊಂಡ್ರಾಗೋನ್ ಎಂಬ ಊರಿನಲ್ಲಿ ಅರಿಸ್ಮೆಂಡಿಯರಿಯೆಟ ಎಂಬ ಪಾದ್ರಿಯ ಶಿಷ್ಯರಾದ ಐವರು ತರುಣರು 1956ರಲ್ಲಿ ಒಂದು ಚಿಕ್ಕ ಕಾರ್ಖಾನೆಯನ್ನು ಆರಂಭಿಸಿದರು. ಅದು ಬೆಳೆದು ಇಂದು ಹತ್ತಾರು ಸಾವಿರ ಜನ ದುಡಿಯುವ ಸಹಕಾರಿ ಸಂಸ್ಥೆಗಳ ಸಮೂಹವಾಗಿದೆ. ಅಲ್ಲಿ ವ್ಯವಸ್ಥಾಪಕರಿದ್ದಾರೆ, ಆದರೆ ಅವರನ್ನು ನೇಮಿಸುವ ಮಂಡಳಿಯನ್ನು ಕೆಲಸಗಾರರೇ ಚುನಾಯಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಟೊಮೆಟೊ ಸಂಸ್ಕರಿಸುವ ಮಾರ್ನಿಂಗ್ ಸ್ಟಾರ್ ಎಂಬ ಕಂಪನಿಯಲ್ಲಿ ಮ್ಯಾನೇಜರ್ ಎಂಬ ಹುದ್ದೆಯೇ ಇಲ್ಲ. ಪ್ರತಿಯೊಬ್ಬ ನೌಕರನೂ ತಾನು ಮಾಡುವ ಕೆಲಸವೇನು, ಯಾರಿಗೆ ಏನನ್ನು ಒದಗಿಸುವೆನು ಎಂಬುದನ್ನು ತನ್ನ ಜೊತೆಗಾರರೊಡನೆ ಚರ್ಚಿಸಿ ಬರೆದುಕೊಡುತ್ತಾನೆ. ಒಪ್ಪಂದ ಮೇಲಿನವನೊಡನೆ ಅಲ್ಲ, ಪಕ್ಕದವನೊಡನೆ. ಮುಯ್ಯಾಳಿನ ತತ್ತ್ವವೇ ಕಾಗದದ ಮೇಲೆ ಇಳಿದಂತಿದೆಯಲ್ಲವೆ?

ಮೀನು, ಮೇವು, ನೀರು ಇಂತಹ ಸಮುದಾಯದ ಸಂಪತ್ತನ್ನು ಜನರು ತಾವೇ ನಿಯಮಗಳನ್ನು ಮಾಡಿಕೊಂಡು ಹೇಗೆ ಕಾಪಾಡುತ್ತಾರೆ ಎಂಬುದನ್ನು ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ ಹಲವು ದೇಶಗಳ ಉದಾಹರಣೆಗಳಿಂದ ಪರಿಶೀಲಿಸಿದರು. ನಿಯಮ ಮಾಡುವಾಗ ಅದನ್ನು ಪಾಲಿಸುವವರ ಮಾತಿಗೂ ಬೆಲೆಯಿರಬೇಕು. ಪಾಲನೆಯನ್ನು ನೋಡುವವರು ಜೊತೆಗಾರರಾಗಿರಬೇಕು ಅಥವಾ ಅವರಿಗೆ ಉತ್ತರ ಹೇಳುವವರಾಗಿರಬೇಕು. ತಪ್ಪಿದವನಿಗೆ ದಂಡನೆ ಮೊದಲು ಚಿಕ್ಕದಾಗಿರಬೇಕು. ಜಗಳ ಬೇಗ ತೀರಬೇಕು ಎಂಬುದು ಅವರು ಕಂಡ ಸತ್ಯಗಳಲ್ಲಿ ಮುಖ್ಯವಾದವು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ಪಾರಿತೋಷಕವನ್ನು ಪಡೆದ ಮೊದಲ ಮಹಿಳೆ ಅವರು. ಮೇಸ್ತ್ರಿಯಿಲ್ಲದ ದುಡಿಮೆ ಎಂದರೆ ನಿಯಮವಿಲ್ಲದ ದುಡಿಮೆಯಲ್ಲ, ನಿಯಮವನ್ನು ತಾವೇ ಮಾಡಿಕೊಂಡ ದುಡಿಮೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡಿಗರಿಗೆ ಈ ವಿಚಾರ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ‘ಕಾಯಕ’ವೆಂದು ಕರೆದು ಅದಕ್ಕೆ ಪೂಜೆಯ ಗೌರವವನ್ನು ಕೊಟ್ಟರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು ಎಂಬ ಕಥೆ ಪ್ರಸಿದ್ಧವಾಗಿದೆ. ಅವರನ್ನು ಯಾವ ಅಧಿಕಾರಿಯೂ ನೋಡುತ್ತಿರಲಿಲ್ಲ. ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಹೊರಗಿನ ಮೇಸ್ತ್ರಿಯ ಸ್ಥಾನದಲ್ಲಿ ಒಳಗಿನ ಸಾಕ್ಷಿ ನಿಂತಿತ್ತು.

ಆದರೆ ಒಳಗಿನ ಸಾಕ್ಷಿಯನ್ನು ಮಾತ್ರ ನಂಬಿ ಕೂಡುವುದೂ ಸಲ್ಲದು. ನ್ಯಾಯವಾದ ಪಾಲನ್ನು ಕೊಡದೆ ‘ನಿಷ್ಠೆಯಿಂದ ದುಡಿಯಿರಿ’ ಎಂದು ಉಪದೇಶಿಸುವವನು ಕಪಟಿ. ಪಾಲನ್ನು ಪೂರ್ಣವಾಗಿ ಪಡೆದೂ ಹಗ್ಗವನ್ನು ಎಳೆಯದವನು ಕಳ್ಳ. ಪಾಲಿನ ನ್ಯಾಯ ಮತ್ತು ದುಡಿಮೆಯ ನಿಷ್ಠೆ ಇವೆರಡೂ ರಂಪಣಿಯ ಎರಡು ತುದಿಗಳಿದ್ದಂತೆ. ಎರಡನ್ನೂ ಒಂದೇ ಸಮನಾಗಿ ಎಳೆದರೆ ಮಾತ್ರ ಬಲೆ ದಂಡೆಗೆ ಬರುತ್ತದೆ.

ವಿದ್ಯಾರ್ಥಿಗಳಾದ ನಿಮಗೂ ಈ ಪರೀಕ್ಷೆ ಪ್ರತಿದಿನ ಎದುರಾಗುತ್ತದೆ. ಅಧ್ಯಾಪಕರು ತರಗತಿಗೆ ಬರುವುದು ತಡವಾದಾಗ, ಶಾಲೆಯ ಅಂಗಳವನ್ನು ಗುಡಿಸುವ ಸರದಿ ನಿಮ್ಮ ತಂಡಕ್ಕೆ ಬಂದಾಗ, ನಾಲ್ವರು ಕೂಡಿ ಒಂದು ನಕಾಶೆಯನ್ನು ಬರೆಯಬೇಕಾದಾಗ ನಿಮ್ಮ ಕೈ ಹಗ್ಗವನ್ನು ಎಳೆಯುತ್ತಿದೆಯೆ, ಸುಮ್ಮನೆ ಮುಟ್ಟಿಕೊಂಡಿದೆಯೆ? ಅದನ್ನು ಮೊದಲು ತಿಳಿಯುವವರು ನೀವೇ. ನಾಳೆ ನೀವು ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಹೊಲದಲ್ಲೋ ದುಡಿಯುವಿರಿ. ನಿಮ್ಮಲ್ಲಿ ಕೆಲವರು ಇತರರನ್ನು ದುಡಿಸುವ ಸ್ಥಾನಕ್ಕೂ ಏರುವಿರಿ. ಆಗ ಮೇಸ್ತ್ರಿಯ ಕಣ್ಣನ್ನು ಹೆಚ್ಚಿಸುವುದಕ್ಕಿಂತ, ಕೆಲಸ ತಮ್ಮದು ಎಂಬ ಭಾವನೆ ಎಲ್ಲರಲ್ಲಿ ಮೂಡುವಂತೆ ಪಾಲನ್ನೂ ಮಾತಿನ ಹಕ್ಕನ್ನೂ ಹಂಚುವುದು ಮೇಲೆಂಬುದನ್ನು ನೆನೆಯಿರಿ. ‘ತಾನು ಮಾಡಿದ್ದು ಉತ್ತಮ’ ಎಂದ ಹಿರಿಯರ ಗಾದೆಗೆ ‘ನಾವು ಮಾಡಿದ್ದು ಇನ್ನೂ ಉತ್ತಮ’ ಎಂಬ ಸಾಲನ್ನು ಸೇರಿಸುವುದು ನಿಮ್ಮ ಕೈಯಲ್ಲಿದೆ.

ಪದಗಳ ಅರ್ಥ

ಮುಕಾದಮ - ಕೂಲಿಯಾಳುಗಳ ಮುಖಂಡ
ಡಂಗುರ - ತಮಟೆ ಬಾರಿಸಿ ಸಾರುವ ಸುದ್ದಿ
ಮುಯ್ಯಿ - ಪಡೆದುದಕ್ಕೆ ಪ್ರತಿಯಾಗಿ ಕೊಡುವುದು
ಚೊಗರು - ಒಗರಾದ ತೊಗಟೆಯ ರಸ
ತಂಡೇಲ - ದೋಣಿಯ ನಾಯಕ
ವಿದುಷಿ - ವಿದ್ಯಾವಂತೆ, ಪಂಡಿತೆ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮುಯ್ಯಾಳು ಎಂದರೇನು?
2. ರಂಪಣಿಯ ಬಲೆಯನ್ನು ಬಿಡಿ ತುಂಡುಗಳಾಗಿ ಹೆಣೆಯುತ್ತಿದ್ದುದೇಕೆ?
3. ತಂಡೇಲನಿಗೆ ಅಧಿಕಾರ ಬಂದದ್ದು ಯಾವುದರಿಂದ?
4. ಕಾಫಿ ಹೌಸಿನ ನೌಕರರ ಮೊದಲ ಸಂಘ ಎಲ್ಲಿ, ಯಾವಾಗ ಸ್ಥಾಪನೆಯಾಯಿತು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಂಪಣಿಯನ್ನು ಬೀಸಿ ಎಳೆಯುವ ಕ್ರಮವನ್ನು ವಿವರಿಸಿರಿ.
2. ಮೇಸ್ತ್ರಿಯಿಲ್ಲದೆಯೂ ಮೀನುಗಾರರು ಶ್ರದ್ಧೆಯಿಂದ ದುಡಿಯಲು ಇದ್ದ ನಾಲ್ಕು ಕಾರಣಗಳಾವುವು?
3. ಹಾಲಿನ ಕೊಳದ ಕಥೆಗೂ ರಂಪಣಿಗೂ ಇರುವ ವ್ಯತ್ಯಾಸವೇನು?
4. ರಂಪಣಿ ಮರೆಯಾದುದು ಹೇಗೆ? ಅದರಿಂದ ಲೇಖಕರು ತೆಗೆಯುವ ತೀರ್ಮಾನವನ್ನು ನೀವು ಒಪ್ಪುವಿರಾ?

ಇ) ಸಂದರ್ಭದೊಡನೆ ವಿವರಿಸಿರಿ.
1. ‘ಒಪ್ಪಂದ ಮೇಲಿನವನೊಡನೆ ಅಲ್ಲ, ಪಕ್ಕದವನೊಡನೆ.’
2. ‘ಹೊರಗಿನ ಮೇಸ್ತ್ರಿಯ ಸ್ಥಾನದಲ್ಲಿ ಒಳಗಿನ ಸಾಕ್ಷಿ ನಿಂತಿತ್ತು.’

ಈ) ಮಾಡಿ ನೋಡಿರಿ.
ನಿಮ್ಮ ಊರಿನಲ್ಲಿ ಮೇಲ್ವಿಚಾರಕರಿಲ್ಲದೆ ಜನರು ಕೂಡಿ ಮಾಡುವ ಒಂದು ಕೆಲಸವನ್ನು ಹಿರಿಯರಿಂದ ಕೇಳಿ ತಿಳಿದು, ಅದರಲ್ಲಿ ಪಾಲು ಹಂಚುವ ಕ್ರಮವನ್ನು ಕುರಿತು ಒಂದು ಪುಟ ಬರೆಯಿರಿ.